ಇಲಿಯ ಕರುಳಿನಲ್ಲಿ ಚಾಟಿಹುಳು: ಪ್ರತಿರಕ್ಷೆಯನ್ನು ಅಳೆಯಲು ಸಮಗ್ರ ಮಾರ್ಗದರ್ಶಿ

ಚಾಟಿಹುಳುವಿನ ಸೋಂಕು ಕೊಟ್ಟ ಇಪ್ಪತ್ತೊಂದನೆಯ ದಿನ ಇಲಿಯ ಕರುಳನ್ನು ಬಿಡಿಸಿ ನೋಡುತ್ತೀರಿ. ಒಂದೂ ಹುಳು ಇಲ್ಲ. ಪ್ರತಿರಕ್ಷೆ ಗೆದ್ದಿತು ಎಂದು ಬರೆದುಕೊಳ್ಳಲು ಕೈ ತುಡಿಯುತ್ತದೆ. ಆದರೆ ಹುಳುಗಳು ಒಮ್ಮೆ ನೆಲೆಯೂರಿ ಆಮೇಲೆ ಹೊರಬಿದ್ದವೋ, ಮೊದಲಿಗೇ ನೆಲೆಯೂರಲಿಲ್ಲವೋ? ಇದಕ್ಕೆ ಉತ್ತರ ಹೇಳಲಾಗದ ಪ್ರಯೋಗದಲ್ಲಿ ಎಷ್ಟು ಬಗೆಯ ಸೈಟೋಕೈನ್ (ಪ್ರತಿರಕ್ಷಾ ಕೋಶಗಳು ಸಂದೇಶ ಕಳಿಸಲು ಸುರಿಸುವ ಪ್ರೋಟೀನು) ಅಳೆದರೂ ಅದು ಗಾಳಿಗೋಪುರವೇ. ಈ ಬರಹದಲ್ಲಿ ನಾನು ಮತ್ತೆ ಮತ್ತೆ ಹುಳುವಿನ ಲೆಕ್ಕಕ್ಕೆ ಮರಳುತ್ತೇನೆ. ಸಂಶೋಧನೆಗೆ ಹೊಸದಾಗಿ ಕಾಲಿಟ್ಟ ವಿದ್ಯಾರ್ಥಿಗಳು ಕೋಶಗಳನ್ನು ಬಣ್ಣದ ಗುರುತಿನಿಂದ ಬಗೆಹಿಡಿದು ಎಣಿಸುವ ಫ್ಲೋ ಸೈಟೋಮೀಟರಿನ ಚುಕ್ಕೆಗಳಿಗೆ ಕೊಡುವ ಗಮನದ ಅರ್ಧದಷ್ಟನ್ನು ಸೂಕ್ಷ್ಮದರ್ಶಕದ ಕೆಳಗಿನ ಹುಳುಗಳಿಗೆ ಕೊಟ್ಟರೂ ಅವರ ಎಷ್ಟೋ ತಿಂಗಳುಗಳ ಶ್ರಮ ಉಳಿಯುತ್ತದೆ.

ಮೊದಲು ಪ್ರಶ್ನೆ, ಆಮೇಲೆ ಪರಾವಲಂಬಿ

ಎಲ್ಲ ಪರಾವಲಂಬಿಗಳ ವಿರುದ್ಧವೂ ದೇಹ ಒಂದೇ ಆಯುಧ ಹಿಡಿಯುವುದಿಲ್ಲ. ಲೀಶ್ಮೇನಿಯಾ ಮೇಜರ್ ಎಂಬ ಏಕಕೋಶ ಜೀವಿ ಸೂಕ್ಷ್ಮಜೀವಿಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶದ ಒಳಗೇ ಮನೆ ಮಾಡುತ್ತದೆ. ಅದನ್ನು ಕೊಲ್ಲಬೇಕಾದರೆ ಟಿಎಚ್1 ಬಗೆಯ ಸಹಾಯಕ ಟಿ ಕೋಶಗಳು (ಇತರ ಪ್ರತಿರಕ್ಷಾ ಕೋಶಗಳಿಗೆ ಆಜ್ಞೆ ಕೊಡುವವು) ಗ್ಯಾಮಾ ಇಂಟರ್‌ಫೆರಾನ್ ಎಂಬ ಸೈಟೋಕೈನ್ ಸುರಿಸಿ ಆ ಮ್ಯಾಕ್ರೋಫೇಜ್‌ಗಳನ್ನು ಎಚ್ಚರಿಸಬೇಕು. ಸಿ57 ಬ್ಲ್ಯಾಕ್ 6 ತಳಿಯ ಇಲಿಗಳು ಹಾಗೆ ಮಾಡಿ ಗುಣವಾಗುತ್ತವೆ. ಬಾಲ್ಬ್ ಸಿ ತಳಿಯವು ಟಿಎಚ್2 ಹಾದಿ ಹಿಡಿದು ಸೋಲುತ್ತವೆ. ಮೊಸ್ಮನ್ ಮತ್ತು ಕಾಫ್‌ಮನ್ 1986ರಲ್ಲಿ ಸಹಾಯಕ ಟಿ ಕೋಶಗಳನ್ನು ಅವು ಸುರಿಸುವ ಸೈಟೋಕೈನ್‌ಗಳ ಮೇಲೆ ಟಿಎಚ್1, ಟಿಎಚ್2 ಎಂದು ಎರಡಾಗಿ ವಿಂಗಡಿಸಿದ್ದು ತಟ್ಟೆಯಲ್ಲಿ ಬೆಳೆದ ಕೋಶಗಳಲ್ಲಿ. ಆ ವಿಂಗಡಣೆ ಬದುಕಿರುವ ಪ್ರಾಣಿಯಲ್ಲೂ ಸಾವು ಬದುಕಿನ ಪ್ರಶ್ನೆ ಎಂದು ತೋರಿಸಿಕೊಟ್ಟದ್ದು ಈ ಲೀಶ್ಮೇನಿಯಾ.

ಹುಳುಗಳ ವಿಷಯದಲ್ಲಿ ಇದೆಲ್ಲ ತಿರುಗುಮುರುಗಾಗುತ್ತದೆ. ಯಾವ ಕೋಶವೂ ನುಂಗಲಾಗದಷ್ಟು ದೊಡ್ಡ ಜೀವಿಯನ್ನು ಒಳಗಿಟ್ಟು ಕೊಲ್ಲುವುದಕ್ಕಿಂತ ಹೊರಗೆ ತಳ್ಳುವುದೇ ಲೇಸು. ಅದಕ್ಕೆ ಟಿಎಚ್2 ಮತ್ತು ಅದು ಸುರಿಸುವ ಸೈಟೋಕೈನ್‌ಗಳು ಬೇಕು: ಇಂಟರ್‌ಲ್ಯೂಕಿನ್ 4, 5, 9 ಮತ್ತು ಎಲ್ಲಕ್ಕಿಂತ ಮುಖ್ಯವಾಗಿ 13.

ಇಲಿಯಲ್ಲಿ ಹೆಚ್ಚಾಗಿ ಬಳಸುವ ಕರುಳಿನ ಹುಳುಗಳು ಮೂರು. ನಿಪ್ಪೋಸ್ಟ್ರಾಂಗೈಲಸ್ ಬ್ರೆಸಿಲಿಯೆನ್ಸಿಸ್ ಚರ್ಮದಡಿಯಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಕರುಳಿಗೆ ಇಳಿದು ಸುಮಾರು ಹತ್ತು ದಿನಗಳಲ್ಲಿ ಹೊರಬೀಳುತ್ತದೆ. ಚುರುಕಾದ ಪ್ರತಿಕ್ರಿಯೆಯನ್ನು ನೋಡಬೇಕಾದವರಿಗೆ ಇದು ಸರಿ. ಹೆಲಿಗ್ಮೊಸೊಮಾಯ್ಡಿಸ್ ಪಾಲಿಗೈರಸ್ ಸಣ್ಣಕರುಳಿನ ಗೋಡೆಯಲ್ಲಿ ಒಂದು ವಾರಕ್ಕೂ ಮಿಕ್ಕಿ ಅಡಗಿದ್ದು, ಆಮೇಲೆ ಹೊರಬಂದು ತಿಂಗಳುಗಟ್ಟಲೆ ಉಳಿಯಬಲ್ಲದು. ಪ್ರತಿರಕ್ಷೆಯನ್ನು ಹುಳು ಹೇಗೆ ಮೆತ್ತಗಾಗಿಸುತ್ತದೆ ಎಂದು ಕೇಳುವವರಿಗೆ ಅದು ಹೇಳಿಮಾಡಿಸಿದ ಜೀವಿ.

ಮೂರನೆಯದು ಟ್ರೈಕ್ಯೂರಿಸ್ ಮ್ಯೂರಿಸ್, ಇಲಿಯ ಚಾಟಿಹುಳು. ಈ ಮಾರ್ಗದರ್ಶಿ ಅದನ್ನೇ ಹಿಡಿದು ನಡೆಯುತ್ತದೆ. ಕಾರಣ ಸರಳ. ಒಂದೇ ತಳಿಯ ಇಲಿಗೆ ಸುಮಾರು 200 ಮೊಟ್ಟೆ ಕೊಟ್ಟರೆ ಟಿಎಚ್2 ಎದ್ದು ಮೂರು ವಾರಗಳ ಹೊತ್ತಿಗೆ ಹುಳುಗಳನ್ನು ತಳ್ಳಿಹಾಕುತ್ತದೆ. ಅದೇ ಇಲಿಗೆ 20 ಮೊಟ್ಟೆ ಕೊಟ್ಟರೆ ಟಿಎಚ್1 ಮೇಲುಗೈ ಪಡೆದು ಹುಳುಗಳು ಬೆಳೆದು ದೊಡ್ಡವಾಗಿ ಮೊಟ್ಟೆಯಿಡುತ್ತವೆ. ಇಲಿಯೂ ಹುಳುವೂ ಅವೇ, ಬದಲಾದದ್ದು ಸಂಖ್ಯೆ ಮಾತ್ರ. ಇದಕ್ಕಿಂತ ಚೊಕ್ಕವಾದ ಹೋಲಿಕೆ ಈ ಕ್ಷೇತ್ರದಲ್ಲಿ ನನಗೆ ಸಿಕ್ಕಿಲ್ಲ. ಮನುಷ್ಯರನ್ನು ಕಾಡುವ ಟ್ರೈಕ್ಯೂರಿಸ್ ಟ್ರೈಕ್ಯೂರಾ ಇದರ ಹತ್ತಿರದ ಬಂಧು. ಮಣ್ಣಿನಿಂದ ಹರಡುವ ಹುಳುಗಳು ಜಗತ್ತಿನ ಸುಮಾರು 150 ಕೋಟಿ ಜನರ ಕರುಳಿನಲ್ಲಿವೆ ಎಂಬುದನ್ನು ನೆನೆದರೆ, ಇಲಿಯ ಮೇಲೆ ನಾವು ಹೊರಿಸುವ ಭಾರಕ್ಕೆ ಒಂದು ಅರ್ಥ ಬರುತ್ತದೆ.

ಅನುಮತಿ, ಇಲಿ, ಪಂಜರ

ಪ್ರಾಣಿ ನೈತಿಕ ಸಮಿತಿಯ ಲಿಖಿತ ಅನುಮತಿ ಇಲ್ಲದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬಾರದು. ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಮೂರು ಸೂತ್ರಗಳನ್ನು ಅರ್ಜಿಯ ಖಾಲಿ ಜಾಗ ತುಂಬಲು ಬಳಸಬೇಡಿ. ಪ್ರಾಣಿಯಿಲ್ಲದೆ ಆಗುತ್ತದೆಯೇ, ಕಡಿಮೆ ಪ್ರಾಣಿಗಳಲ್ಲಿ ಆಗುತ್ತದೆಯೇ, ನೋವು ತಗ್ಗಿಸಬಹುದೇ ಎಂದು ನಿಜವಾಗಿಯೂ ಕೂತು ಯೋಚಿಸಿ. ಯಾವ ಸ್ಥಿತಿಗೆ ಬಂದ ಇಲಿಯನ್ನು ಪ್ರಯೋಗದಿಂದ ಬಿಡಿಸಿ ನೋವಿಲ್ಲದೆ ಕೊನೆಗಾಣಿಸಬೇಕು ಎಂಬುದನ್ನು ಮೊದಲೇ ಬರೆದಿಡಿ. ಸಾಮಾನ್ಯ ಇಲಿಗಳು ಚಾಟಿಹುಳುವನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತವೆ. ಇಂಟರ್‌ಲ್ಯೂಕಿನ್ 10 ಇಲ್ಲದ ಇಲಿಗಳು ಹಾಗಲ್ಲ. ಅವುಗಳ ಕರುಳು ತೀವ್ರವಾಗಿ ಉರಿಯೂತಗೊಂಡು ಅವು ಸಾಯಬಹುದು. ಅಂಥ ತಳಿಯನ್ನು ಬಳಸುವುದಾದರೆ ದಿನವೂ ತೂಕ ನೋಡಬೇಕು.

ಆರರಿಂದ ಎಂಟು ವಾರದ, ಒಂದೇ ಲಿಂಗದ ಸಿ57 ಬ್ಲ್ಯಾಕ್ 6 ಇಲಿಗಳು ಆರಂಭಕ್ಕೆ ಸಾಕು. ಎರಡೂ ಲಿಂಗಗಳನ್ನು ನೋಡಬೇಕಿದ್ದರೆ ಪ್ರತಿ ಗುಂಪಿನಲ್ಲೂ ಸಮನಾಗಿ ಹಂಚಿ. ಬಂದ ಇಲಿಗಳನ್ನು ಕನಿಷ್ಠ ಒಂದು ವಾರ ಹೊಸ ಜಾಗಕ್ಕೆ ಒಗ್ಗಲು ಬಿಡಿ. ಎಕೆಆರ್ ತಳಿ ಹೆಚ್ಚು ಮೊಟ್ಟೆ ಕೊಟ್ಟರೂ ಹುಳುವನ್ನು ಹೊರಹಾಕುವುದಿಲ್ಲ ಎಂಬುದು ನೆನಪಿರಲಿ. ತಳಿಯ ಆಯ್ಕೆ ಎಂದರೆ ಉತ್ತರದ ಅರ್ಧಭಾಗವನ್ನು ಆರಿಸಿಕೊಂಡಂತೆ.

ಪಂಜರದ ವಿಷಯವನ್ನು ಬಹಳ ಜನ ಹಗುರವಾಗಿ ನೋಡುತ್ತಾರೆ. ಚಾಟಿಹುಳುವಿನ ಮೊಟ್ಟೆ ಒಡೆಯಲು ಕರುಳಿನ ಬ್ಯಾಕ್ಟೀರಿಯಾಗಳ ಸಂಪರ್ಕ ಬೇಕು ಎಂಬುದು 2010ರಲ್ಲಿ ಖಚಿತವಾಯಿತು. ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುವುದರಿಂದ ಒಂದು ಪಂಜರದವೆಲ್ಲ ಹೆಚ್ಚುಕಡಿಮೆ ಒಂದೇ ಬ್ಯಾಕ್ಟೀರಿಯಾ ಸಮುದಾಯವನ್ನು ಹಂಚಿಕೊಳ್ಳುತ್ತವೆ. ಹೀಗಾಗಿ ಜೀನ್ ತೆಗೆದ ಇಲಿಗಳೆಲ್ಲ ಒಂದು ಪಂಜರದಲ್ಲಿ, ಸಾಮಾನ್ಯ ಇಲಿಗಳೆಲ್ಲ ಇನ್ನೊಂದರಲ್ಲಿ ಇದ್ದರೆ, ನೀವು ಅಳೆದದ್ದು ಜೀನಿನ ಪರಿಣಾಮವೋ ಪಂಜರದ ಪರಿಣಾಮವೋ ಹೇಳಲಾಗದು. ಒಂದೇ ಸೂಲಿನಲ್ಲಿ ಹುಟ್ಟಿದ ಒಡಹುಟ್ಟುಗಳನ್ನು ಹೋಲಿಸುವುದು ಉತ್ತಮ. ಜೀನು ಬೇರೆಬೇರೆಯಾದರೂ ಮೊಟ್ಟೆಯ ಪ್ರಮಾಣ ಒಂದೇ ಆಗಿದ್ದರೆ ಅವು ಒಟ್ಟಿಗೇ ಇರಲಿ. ಪ್ರಮಾಣ ಬೇರೆಯಾದಾಗ ಮಾತ್ರ ಪಂಜರವೂ ಬೇರೆಯಾಗಬೇಕು, ಏಕೆಂದರೆ ಒಡೆಯದೆ ಹಾದುಬಂದ ಮೊಟ್ಟೆಗಳು ಹಿಕ್ಕೆಯ ಮೂಲಕ ಪಕ್ಕದ ಇಲಿಯ ಹೊಟ್ಟೆ ಸೇರಬಹುದು. ಆಗ ಪ್ರತಿ ಗುಂಪನ್ನೂ ಕನಿಷ್ಠ ಎರಡು ಪಂಜರಗಳಿಗೆ ಹಂಚಿ, ಮರುದಿನವೇ ಹಾಸು ಬದಲಾಯಿಸಿ.

ಇಲಿಗಳಲ್ಲಿ ಬೇರೆ ಅತಿಥಿಗಳು ಇಲ್ಲವೆಂದು ಮೊದಲೇ ಪರೀಕ್ಷಿಸಿಕೊಳ್ಳಿ. ದಾರದಂಥ ಸಣ್ಣ ಪಿನ್‌ಹುಳುಗಳು ಪ್ರಾಣಿಗೃಹಗಳಲ್ಲಿ ಅಪರೂಪವಲ್ಲ. ಟ್ರೈಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ ರೋಗವನ್ನೇನೂ ತೋರಿಸದೆ ಕರುಳಿನಲ್ಲಿದ್ದು, ಪರಾವಲಂಬಿಯ ಇರವನ್ನು ಗುರುತಿಸುವ ಟಫ್ಟ್ ಕೋಶಗಳನ್ನು ಹೆಚ್ಚಿಸಿಬಿಡುತ್ತದೆ. ನೀವು ಸೋಂಕು ಕೊಡುವ ಮೊದಲೇ ಟಿಎಚ್2 ಬಗೆಯ ಪ್ರತಿಕ್ರಿಯೆ ಅರ್ಧ ಎದ್ದು ಕೂತಿರುತ್ತದೆ.

ಮೊಟ್ಟೆಯ ಸಿದ್ಧತೆ

ಮೊಟ್ಟೆಗಳನ್ನು ಬೆಳೆಸಲು ಲಿಂಫೋಸೈಟ್‌ಗಳಿಲ್ಲದ (ಟಿ ಮತ್ತು ಬಿ ಪ್ರತಿರಕ್ಷಾ ಕೋಶಗಳಿಲ್ಲದ) ಇಲಿಗಳು ಬೇಕು, ಏಕೆಂದರೆ ಅವು ಹುಳುವನ್ನು ಹೊರಹಾಕಲಾರವು. ಹೆಚ್ಚು ಪ್ರಮಾಣದ ಮೊಟ್ಟೆ ಕೊಟ್ಟು ಸುಮಾರು ಆರು ವಾರ ಕಾದು, ಅಂಧಾಂತ್ರದಿಂದ (ದೊಡ್ಡಕರುಳಿನ ಆರಂಭದ ಚೀಲದಂಥ ಭಾಗದಿಂದ) ಪ್ರೌಢ ಹುಳುಗಳನ್ನು ಒಂದೊಂದಾಗಿ ಮೃದುವಾಗಿ ಎಳೆದು ತೆಗೆಯಿರಿ. ಆ್ಯಂಟಿಬಯಾಟಿಕ್ ಬೆರೆಸಿದ ಕೋಶಪೋಷಕ ದ್ರವದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಅವು ಎರಡು ಸಂಗತಿಗಳನ್ನು ಕೊಡುತ್ತವೆ. ಒಂದು, ದ್ರವಕ್ಕೆ ಸುರಿಸಿದ ಪ್ರೋಟೀನುಗಳು. ಲ್ಯಾಬಿನಲ್ಲಿ ಇದನ್ನು ಇಎಸ್ ಎನ್ನುತ್ತಾರೆ. ಇದೇ ಮುಂದೆ ಪ್ರತಿಜನಕವಾಗಿ, ಅಂದರೆ ಪ್ರತಿರಕ್ಷೆ ಗುರುತಿಸುವ ವಸ್ತುವಾಗಿ, ಬೇಕಾಗುತ್ತದೆ, ಚೆಲ್ಲಬೇಡಿ. ಇನ್ನೊಂದು, ಮೊಟ್ಟೆ.

ಮೊಟ್ಟೆಗಳನ್ನು ಜಾಲರಿಯಲ್ಲಿ ಸೋಸಿ, ತೊಳೆದು, ಶುದ್ಧ ನೀರಿನಲ್ಲಿ ಕತ್ತಲೆಯಲ್ಲಿ ಕೊಠಡಿಯ ಉಷ್ಣಾಂಶದಲ್ಲಿ ಸುಮಾರು ಎಂಟು ವಾರ ಇಡಬೇಕು. ಆಮೇಲೆ 4 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಹೊಸದಾಗಿ ಇಟ್ಟ ಮೊಟ್ಟೆಯಲ್ಲಿ ಬರೀ ಕಾಳುಕಾಳಾದ ತಿರುಳು ಕಾಣುತ್ತದೆ. ಬಲಿತ ಮೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಒಂದು ಆನಂದ: ನಿಂಬೆಹಣ್ಣಿನ ಆಕಾರದ ಕಂದು ಚಿಪ್ಪು, ಎರಡು ತುದಿಗೂ ಪಾರದರ್ಶಕ ಬಿರಡೆ, ಒಳಗೆ ಮಡಚಿಕೊಂಡು ಮಲಗಿದ ಮರಿ. ಹುಳುವನ್ನು ಬರೀ ಶತ್ರುವೆಂದು ನೋಡುತ್ತಿದ್ದ ನನ್ನ ಕಣ್ಣು ಮೊದಲ ಬಾರಿ ಬದಲಾದದ್ದು ಅಲ್ಲಿಯೇ.

ಪ್ರತಿ ಹೊಸ ಕಂತಿನ ಸೋಂಕುಶಕ್ತಿಯನ್ನು ಪರೀಕ್ಷಿಸದೆ ಬಳಸಬೇಡಿ. ಎರಡು ಮೂರು ಇಲಿಗಳಿಗೆ ಎಣಿಸಿದ ಮೊಟ್ಟೆ ಕೊಟ್ಟು, ಹದಿನಾಲ್ಕನೆಯ ದಿನ ಎಷ್ಟು ಮರಿಗಳು ನೆಲೆಯೂರಿವೆ ನೋಡಿ. ಕೊಟ್ಟ ಮೊಟ್ಟೆಯಲ್ಲಿ ಎಷ್ಟು ಭಾಗ ಹುಳುವಾಯಿತು ಎಂಬ ಆ ಸಂಖ್ಯೆಯನ್ನು ಬಾಟಲಿಯ ಮೇಲೆಯೇ ಬರೆದಿಡಿ.

ಎಣಿಸುವುದು ಮತ್ತು ಕೊಡುವುದು

ಇಲ್ಲಿ ನಿಧಾನವಾಗಿ ನಡೆಯೋಣ, ಏಕೆಂದರೆ ಪ್ರಯೋಗಗಳು ಹೆಚ್ಚಾಗಿ ಹಾಳಾಗುವುದು ಈ ಹಂತದಲ್ಲಿ.

ಗುರಿ 200 ಮೈಕ್ರೊಲೀಟರ್ ನೀರಿನಲ್ಲಿ 200 ಮೊಟ್ಟೆ, ಅಂದರೆ ಮೈಕ್ರೊಲೀಟರಿಗೆ ಒಂದು. ನಳಿಕೆಯನ್ನು ಮೇಲೆ ಕೆಳಗೆ ತಿರುಗಿಸಿ ಚೆನ್ನಾಗಿ ಕಲಕಿ, 50 ಮೈಕ್ರೊಲೀಟರಿನ ಹತ್ತು ಹನಿಗಳನ್ನು ತಟ್ಟೆಯ ಮೇಲೆ ಹಾಕಿ, ಪ್ರತಿ ಹನಿಯಲ್ಲಿ ಮರಿಯಿರುವ ಮೊಟ್ಟೆಗಳನ್ನು ಮಾತ್ರ ಎಣಿಸಿ. ಹತ್ತರ ಸರಾಸರಿ 85 ಬಂತೆನ್ನಿ. ಮೈಕ್ರೊಲೀಟರಿಗೆ 1.7 ಆಯಿತು. ಹಾಗಾದರೆ ಪ್ರತಿ ಮಿಲಿಲೀಟರನ್ನು 1.7 ಮಿಲಿಲೀಟರಿಗೆ ಹಿಗ್ಗಿಸಬೇಕು. ಹಿಗ್ಗಿಸಿದ ಮೇಲೆ ಮತ್ತೆ ಹತ್ತು ಹನಿ ಎಣಿಸಿ. ಸರಾಸರಿ 50ರ ಸುತ್ತಮುತ್ತ ಬರಬೇಕು. ಕಡಿಮೆ ಪ್ರಮಾಣಕ್ಕೆ ಇದನ್ನೇ ಹತ್ತು ಪಟ್ಟು ತೆಳುವಾಗಿಸಿ.

ಆದರೆ ಕಡಿಮೆ ಪ್ರಮಾಣದಲ್ಲಿ ಒಂದು ತೊಡಕಿದೆ. 200 ಮೊಟ್ಟೆಗೆ ಗುರಿಯಿಟ್ಟಾಗ ಬರೀ ಆಕಸ್ಮಿಕದಿಂದ ಬರುವ ಏರುಪೇರು ನೂರಕ್ಕೆ ಏಳರಷ್ಟು. 20ಕ್ಕೆ ಗುರಿಯಿಟ್ಟಾಗ ಅದು ನೂರಕ್ಕೆ ಇಪ್ಪತ್ತೆರಡು. ಎಷ್ಟೇ ಚೆನ್ನಾಗಿ ಕಲಕಿದರೂ ಒಂದು ಇಲಿಗೆ 11, ಇನ್ನೊಂದಕ್ಕೆ 29 ಹೋಗಬಹುದು. ಪ್ರಮಾಣವೇ ಫಲಿತಾಂಶವನ್ನು ನಿರ್ಧರಿಸುವ ಈ ಮಾದರಿಯಲ್ಲಿ ಇದು ಸಣ್ಣ ಮಾತಲ್ಲ. ಸಮಯವಿದ್ದರೆ ಕಡಿಮೆ ಪ್ರಮಾಣದ ಪ್ರತಿ ಇಲಿಗೂ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಿ ಬೇರೆಬೇರೆ ನಳಿಕೆಗೆ ಹಾಕಿಡಿ. ಬೇಸರದ ಕೆಲಸ, ಆದರೆ ಬೆಲೆಯುಳ್ಳದ್ದು.

ಮೊಟ್ಟೆಗಳು ಬಹಳ ಬೇಗ ತಳ ಸೇರುತ್ತವೆ. ಇದನ್ನು ನಾನು ಕಲಿತದ್ದು ಇಪ್ಪತ್ತು ಇಲಿಗಳ ಒಂದು ಪ್ರಯೋಗವನ್ನು ಕಳೆದುಕೊಂಡು. ಆರಂಭದಲ್ಲಿ ಒಮ್ಮೆ ಕಲಕಿ, ನಳಿಕೆಯನ್ನು ಸ್ಟ್ಯಾಂಡಿನಲ್ಲಿಟ್ಟು, ಮೇಲಿನಿಂದ ಒಂದೊಂದೇ ಪ್ರಮಾಣವನ್ನು ಎಳೆಯುತ್ತ ಹೋದೆ. ಹದಿನಾಲ್ಕನೆಯ ದಿನ ನೋಡಿದರೆ ಮೊದಲ ಕೆಲವು ಇಲಿಗಳಲ್ಲಿ ಬೆರಳೆಣಿಕೆಯ ಹುಳು, ಕೊನೆಯವುಗಳಲ್ಲಿ ಎಣಿಸಿ ಮುಗಿಯದಷ್ಟು. ಇಲಿಗಳ ನಡುವೆ ವ್ಯತ್ಯಾಸ ಸಹಜ ಎಂದು ಒಂದು ವಾರ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಕಿವಿಯ ಗುರುತಿನ ಸಂಖ್ಯೆಯ ಪ್ರಕಾರ ಜೋಡಿಸಿದಾಗ ಹುಳುಗಳ ಸಂಖ್ಯೆ ಮೆಟ್ಟಿಲಿನಂತೆ ಏರುತ್ತಿತ್ತು. ಅಂದಿನಿಂದ ಪ್ರತಿ ಇಲಿಗೂ ಮೊದಲು ಕಲಕುತ್ತೇನೆ, ತಕ್ಷಣ ಎಳೆಯುತ್ತೇನೆ, ತಕ್ಷಣ ಕೊಡುತ್ತೇನೆ. ಗುಂಪುಗಳನ್ನು ಒಂದಾದ ಮೇಲೊಂದು ಮುಗಿಸದೆ ಬೆರೆಸಿ ಕೊಡುತ್ತೇನೆ. ಸಿರಿಂಜಿನ ಒಳಗೂ ಮೊಟ್ಟೆ ತಂಗುತ್ತದೆ, ಆದ್ದರಿಂದ ಒಂದೇ ಬಾರಿ ಹಲವು ಇಲಿಗಳಿಗೆ ಸಾಕಾಗುವಷ್ಟು ತುಂಬಿಕೊಳ್ಳುವುದಿಲ್ಲ.

ಕೊಡುವುದು ತುದಿ ಗುಂಡಾದ ಗ್ಯಾವಾಜ್ ಸೂಜಿಯಿಂದ, ಬಾಯಿಯ ಮೂಲಕ ನೇರ ಹೊಟ್ಟೆಗೆ. ಈ ಕೈಚಳಕವನ್ನು ಓದಿ ಕಲಿಯಲಾಗದು, ಅನುಭವಿಗಳ ಪಕ್ಕದಲ್ಲಿ ನಿಂತು ಕಲಿಯಿರಿ. ಒಂದು ಮಾತು ಮಾತ್ರ: ಸೂಜಿ ತಾನಾಗಿ ಇಳಿಯಬೇಕು. ತಡೆ ಸಿಕ್ಕರೆ ಹೊರತೆಗೆಯಿರಿ, ಒತ್ತಬೇಡಿ. ಎಲ್ಲ ಇಲಿಗಳಿಗೂ ದಿನದ ಒಂದೇ ಹೊತ್ತಿನಲ್ಲಿ ಕೊಡಿ.

ಮೂರು ದಿನಾಂಕ

ಹದಿನಾಲ್ಕು, ಇಪ್ಪತ್ತೊಂದು, ಮೂವತ್ತೈದು. ಹದಿನಾಲ್ಕನೆಯ ದಿನ ಹುಳು ನೆಲೆಯೂರಿದೆಯೇ ಎಂಬುದನ್ನು ಹೇಳುತ್ತದೆ. ಇಪ್ಪತ್ತೊಂದನೆಯ ದಿನ ಪ್ರತಿಕ್ರಿಯೆ ತಾರಕಕ್ಕೇರಿರುತ್ತದೆ. ಮೂವತ್ತೈದನೆಯ ದಿನ ಉಳಿದ ಹುಳುಗಳು ಪ್ರೌಢವಾಗಿರುತ್ತವೆ, ಫಲಿತಾಂಶ ನಿಶ್ಚಿತವಾಗಿರುತ್ತದೆ. ಹೆಚ್ಚು ಮತ್ತು ಕಡಿಮೆ ಪ್ರಮಾಣದ ಗುಂಪಿಗೆ ಪ್ರತಿ ದಿನಾಂಕಕ್ಕೆ ಐದೈದು ಇಲಿ, ಸೋಂಕಿಲ್ಲದವು ಮೂರು ಮೂರು ಎಂದಿಟ್ಟುಕೊಂಡರೆ ಒಟ್ಟು 39. ಇಲಿಗಳ ಸಂಖ್ಯೆ ಕಡಿಮೆ ಮಾಡಲೇಬೇಕಾದರೆ ಮೂವತ್ತೈದನ್ನು ಬಿಡಿ, ಹದಿನಾಲ್ಕನ್ನು ಬಿಡಬೇಡಿ. ಆ ದಿನ ಎರಡು ಗುಂಪುಗಳಲ್ಲೂ ಕೊಟ್ಟ ಪ್ರಮಾಣಕ್ಕೆ ತಕ್ಕಷ್ಟು ಹುಳು ಇದ್ದರೆ ಮಾತ್ರ ಇಪ್ಪತ್ತೊಂದನೆಯ ದಿನದ ಸೊನ್ನೆಗೆ ಬೆಲೆ.

ಅಂಗಾಂಶ ತೆಗೆಯುವ ದಿನ

ನಳಿಕೆಗಳಿಗೆ ಹೆಸರು ಬರೆಯುವ ಕೆಲಸ ಹಿಂದಿನ ಸಂಜೆಯೇ ಮುಗಿದಿರಲಿ. ಇಲಿಯನ್ನು ಅನುಮತಿಸಿದ ವಿಧಾನದಲ್ಲಿ ಕೊನೆಗಾಣಿಸಿದ ಮೇಲೆ ಮೊದಲು ರಕ್ತ. ಅದನ್ನು ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ಸೀರಮ್ ತೆಗೆದು ಮೈನಸ್ 20 ಡಿಗ್ರಿಯಲ್ಲಿಡಿ. ಎರಡನೆಯದು ಕರುಳಿನ ಮಡಿಕೆಯಲ್ಲಿ ಮುತ್ತಿನ ಸರದಂತೆ ಸಾಲಾಗಿರುವ ದುಗ್ಧಗ್ರಂಥಿಗಳು. ಸೋಂಕಿತ ಇಲಿಯಲ್ಲಿ ಇವು ಎದ್ದು ಕಾಣುವಷ್ಟು ಊದಿರುತ್ತವೆ. ಸುತ್ತಲಿನ ಕೊಬ್ಬನ್ನು ಬಿಡಿಸಿ, ತಣ್ಣಗಿನ ದ್ರವಕ್ಕೆ ಹಾಕಿ.

ಕೊನೆಗೆ ಕರುಳು. ಅಂಧಾಂತ್ರಕ್ಕೆ ತಾಗಿದ ದೊಡ್ಡಕರುಳಿನ ಮೊದಲ ತುಂಡನ್ನು ಅಂಗಾಂಶ ಪರೀಕ್ಷೆಗೆ, ಅದರ ಪಕ್ಕದ ಪುಟ್ಟ ತುಂಡನ್ನು ಆರ್‌ಎನ್‌ಎಗೆ ಇಡಿ. ಎಲ್ಲ ಇಲಿಗಳಲ್ಲೂ ಇದೇ ಜಾಗ, ಇದೇ ಅಳತೆ. ಲೋಳೆಪದರವನ್ನು ನೋಡುವ ಆಸೆಯಿದ್ದರೆ ಫಾರ್ಮಲಿನ್ ಬೇಡ. ಅದರಲ್ಲಿ ಲೋಳೆ ಕುಗ್ಗಿ ಮಾಯವಾಗುತ್ತದೆ. ನೀರಿಲ್ಲದ ಕಾರ್ನಾಯ್ ದ್ರಾವಣ ಬಳಸಿ. ಅಂಧಾಂತ್ರವನ್ನೂ ಉಳಿದ ದೊಡ್ಡಕರುಳನ್ನೂ ಇಡಿಯಾಗಿ ಹುಳು ಎಣಿಕೆಗೆ ಮೀಸಲಿಡಿ. ಅಂದೇ ಎಣಿಸಲಾಗದಿದ್ದರೆ ಮೈನಸ್ 20ರಲ್ಲಿಟ್ಟು ಆಮೇಲೆ ಎಣಿಸಬಹುದು.

ಹುಳುವಿನ ಲೆಕ್ಕ

ಅಂಧಾಂತ್ರವನ್ನು ಉದ್ದಕ್ಕೆ ಸೀಳಿ, ಒಳಗಿನದನ್ನು ತಣ್ಣಗಿನ ಉಪ್ಪು ದ್ರಾವಣದಲ್ಲಿ ಅಲುಗಾಡಿಸಿ ತೊಳೆಯಿರಿ. ಹುಳು ಅಷ್ಟಕ್ಕೆ ಬರುವುದಿಲ್ಲ. ಚಾಟಿಹುಳುವಿನ ತೆಳುವಾದ ಮುಂಭಾಗ ಕರುಳಿನ ಒಳಹೊದಿಕೆಯ ಕೋಶಗಳ ಒಳಗೇ ಸುರಂಗ ಕೊರೆದು ಕುಳಿತಿರುತ್ತದೆ. ಹದಿನಾಲ್ಕನೆಯ ದಿನದ ಮರಿಯಂತೂ ಪೂರ್ತಿ ಆ ಸುರಂಗದಲ್ಲೇ ಇರುತ್ತದೆ. ಬಾಗಿದ ಚಿಮುಟದ ಬೆನ್ನಿನಿಂದ ಒಳಹೊದಿಕೆಯನ್ನು ಮೆಲ್ಲಗೆ ಕೆರೆದು, ಕೆರೆದದ್ದನ್ನು ತೆಳುವಾಗಿ ಹರಡಿ, ಗೆರೆ ಹಾಕಿದ ತಟ್ಟೆಯಲ್ಲಿ ಸಾಲುಸಾಲಾಗಿ ನೋಡಿ. ಲೋಳೆಯ ಎಳೆ ಎಲ್ಲಿ ಬೇಕಾದರೂ ಬಾಗುತ್ತದೆ, ಅಗಲ ಏರುಪೇರಾಗಿರುತ್ತದೆ. ಹುಳುವಿನ ಅಂಚು ನೀಟಾಗಿರುತ್ತದೆ, ಬೆಳಕನ್ನು ಓರೆ ಮಾಡಿದರೆ ಹೊಳೆಯುತ್ತದೆ. ಮೊದಲ ಇಲಿಗೆ ಒಂದು ಗಂಟೆ ಹಿಡಿದರೂ ಬೇಸರಿಸಬೇಡಿ.

ಎಣಿಸುವವರಿಗೆ ಅದು ಯಾವ ಗುಂಪಿನ ಇಲಿ ಎಂಬುದು ಗೊತ್ತಿರಬಾರದು. ತಟ್ಟೆಗೆ ಬೇರೆಯವರಿಂದ ಗುಪ್ತ ಸಂಖ್ಯೆ ಕೊಡಿಸಿ. ಹತ್ತರಲ್ಲಿ ಎರಡನ್ನು ಇನ್ನೊಬ್ಬರು ಮತ್ತೆ ಎಣಿಸಲಿ.

ಕೋಶಗಳು ಏನು ಹೇಳುತ್ತವೆ

ದುಗ್ಧಗ್ರಂಥಿಗಳನ್ನು 70 ಮೈಕ್ರಾನ್ ಜಾಲರಿಯ ಮೂಲಕ ಉಜ್ಜಿ ಕೋಶಗಳನ್ನು ಬೇರ್ಪಡಿಸಿ, ಮಿಲಿಲೀಟರಿಗೆ 50 ಲಕ್ಷ ಕೋಶಗಳಂತೆ ತಟ್ಟೆಗೆ ಹಾಕಿ. ಕೆಲವು ಗುಳಿಗಳಿಗೆ ಮಿಲಿಲೀಟರಿಗೆ 50 ಮೈಕ್ರೊಗ್ರಾಂ ಇಎಸ್, ಕೆಲವಕ್ಕೆ ಬರೀ ದ್ರವ, ಕೆಲವಕ್ಕೆ ಎಲ್ಲ ಟಿ ಕೋಶಗಳನ್ನೂ ಎಬ್ಬಿಸುವ ಸಿಡಿ3 ಪ್ರತಿಕಾಯ. 48 ಗಂಟೆಗಳ ನಂತರ ಮೇಲಿನ ದ್ರವ ತೆಗೆದು ಇಂಟರ್‌ಲ್ಯೂಕಿನ್ 4, 5, 9, 10, 13 ಮತ್ತು ಗ್ಯಾಮಾ ಇಂಟರ್‌ಫೆರಾನ್ ಅಳೆಯಿರಿ. ಒಟ್ಟು ಕೋಶಗಳ ಸಂಖ್ಯೆಯನ್ನೂ ಬರೆದುಕೊಳ್ಳಿ, ಏಕೆಂದರೆ ಗ್ರಂಥಿ ಮೂರು ಪಟ್ಟು ಊದಿದಾಗ ಶೇಕಡಾವಾರು ಲೆಕ್ಕ ದಾರಿ ತಪ್ಪಿಸುತ್ತದೆ.

ಇಂಟರ್‌ಲ್ಯೂಕಿನ್ 4ರ ಬಗ್ಗೆ ಎಚ್ಚರ ಬೇಕು. ಅದನ್ನು ಸುರಿಸಿದ ಕೋಶಗಳೂ ಪಕ್ಕದವೂ ಕೂಡಲೇ ಹೀರಿಕೊಂಡುಬಿಡುತ್ತವೆ. ದ್ರವದಲ್ಲಿ ಏನೂ ಕಾಣದೆ ಟಿಎಚ್2 ಇಲ್ಲವೆಂದು ತೀರ್ಮಾನಿಸಿದವರು ಎಷ್ಟೋ ಮಂದಿ. ಆ ಸೈಟೋಕೈನಿನ ಗ್ರಾಹಕವನ್ನು ಮುಚ್ಚುವ ಪ್ರತಿಕಾಯವನ್ನು ತಟ್ಟೆಗೆ ಸೇರಿಸಿದರೆ ಅಂಕಿ ಹೊರಬೀಳುತ್ತದೆ.

ಫ್ಲೋ ಸೈಟೋಮೆಟ್ರಿಗೆ ಮೊದಲು ಸತ್ತ ಕೋಶಗಳನ್ನು ತೋರಿಸುವ ಬಣ್ಣ, ಪ್ರತಿಕಾಯಗಳು ಎಲ್ಲೆಂದರಲ್ಲಿ ಅಂಟದಂತೆ ಎಫ್‌ಸಿ ಗ್ರಾಹಕಗಳಿಗೆ ಮುಚ್ಚಳ. ಆಮೇಲೆ ಕೋಶದ ಮೇಲ್ಮೈಯ ಗುರುತುಗಳು: ಬಿಳಿ ರಕ್ತಕಣಕ್ಕೆ ಸಿಡಿ45, ಟಿ ಕೋಶಕ್ಕೆ ಸಿಡಿ3, ಸಹಾಯಕ ಟಿ ಕೋಶಕ್ಕೆ ಸಿಡಿ4. ಒಳಗಿನ ಗುರುತುಗಳಲ್ಲಿ ಗಾಟಾ3 ಟಿಎಚ್2ಗೆ, ಟಿ-ಬೆಟ್ ಟಿಎಚ್1ಗೆ, ಫಾಕ್ಸ್‌ಪಿ3 ನಿಯಂತ್ರಕ ಟಿ ಕೋಶಗಳಿಗೆ. ಸೈಟೋಕೈನನ್ನು ಕೋಶದೊಳಗೇ ನೋಡಲು ಪಿಎಂಎ ಮತ್ತು ಅಯೊನೊಮೈಸಿನ್ ಎಂಬ ಉತ್ತೇಜಕಗಳನ್ನು ಬಳಸಿದರೆ ಸಿಡಿ4 ಕೋಶದ ಮೇಲ್ಮೈಯಿಂದ ಇಳಿದುಹೋಗುತ್ತದೆ. ಹೀಗಾಗಿ ಸಿಡಿ4 ಕೋಶಗಳನ್ನು ಆರಿಸುವ ಗೆರೆಯನ್ನು ಉದಾರವಾಗಿ ಎಳೆಯಿರಿ, ಇಲ್ಲವೇ ಸಿಡಿ8 ಇರುವ ಟಿ ಕೋಶಗಳನ್ನು ಹೊರಗಿಟ್ಟು ಲೆಕ್ಕ ಹಾಕಿ. ಎಲ್ಲಿ ಗೆರೆ ಎಳೆಯಬೇಕೆಂದು ತಿಳಿಯಲು ಒಂದು ಬಣ್ಣವನ್ನು ಬಿಟ್ಟು ಉಳಿದೆಲ್ಲ ಹಾಕಿದ ನಿಯಂತ್ರಣ ಮಾದರಿ ಪ್ರತಿ ಮುಖ್ಯ ಗುರುತಿಗೂ ಇರಲಿ.

ಕರುಳಿನ ಗೋಡೆಯಿಂದ ಕೋಶ ತೆಗೆಯುವುದು ಬೇರೆಯೇ ಮಟ್ಟದ ಕೆಲಸ. ಹುಳುವಿದ್ದ ಕರುಳು ಲೋಳೆಯನ್ನು ಧಾರಾಳವಾಗಿ ಸುರಿಸುತ್ತದೆ, ಕೋಶಗಳು ಅದರಲ್ಲಿ ಅಂಟಿ ಸಾಯುತ್ತವೆ. ಸೋಂಕಿಲ್ಲದ ಇಲಿಯಲ್ಲಿ ಕೈ ಪಳಗಿಸಿಕೊಂಡ ಮೇಲೆಯೇ ಅದಕ್ಕೆ ಇಳಿಯಿರಿ.

ಸೀರಮ್ ಮತ್ತು ಅಂಗಾಂಶ

ಪ್ರತಿಕಾಯ ಅಳೆಯುವ ಎಲೈಸಾ ತಟ್ಟೆಗೆ ಮಿಲಿಲೀಟರಿಗೆ 5 ಮೈಕ್ರೊಗ್ರಾಂ ಇಎಸ್ ಲೇಪಿಸಿ ರಾತ್ರಿಯಿಡೀ ಬಿಟ್ಟು, ಸೀರಮನ್ನು ಹಂತಹಂತವಾಗಿ ತೆಳುವಾಗಿಸಿ ನೋಡಿ. ಪ್ರತಿಕಾಯಗಳಲ್ಲಿ ಐಜಿಜಿ1 ಬಗೆ ಏರಿದರೆ ಟಿಎಚ್2 ಕಡೆಗೆ, ಐಜಿಜಿ2ಸಿ ಏರಿದರೆ ಟಿಎಚ್1 ಕಡೆಗೆ ತಿರುಗಿದೆ ಎಂದರ್ಥ. ಸಿ57 ಬ್ಲ್ಯಾಕ್ 6 ಇಲಿಗಳಲ್ಲಿ ಐಜಿಜಿ2ಎ ಜೀನೇ ಇಲ್ಲ, ಅದರ ಜಾಗದಲ್ಲಿರುವುದು ಐಜಿಜಿ2ಸಿ. ಬಾಲ್ಬ್ ಸಿ ಇಲಿಗೆಂದು ಕೊಂಡ ಪ್ರತಿಕಾಯವನ್ನು ಇಲ್ಲಿ ಬಳಸಿ ಟಿಎಚ್1 ಇಲ್ಲ ಎಂದು ಬರೆದರೆ ಅದು ಪೂರ್ತಿ ತಪ್ಪು. ಜೊತೆಗೆ, ಪ್ರತಿಕಾಯ ಇಲ್ಲಿ ದಿಕ್ಕು ತೋರಿಸುವ ಗುರುತು ಮಾತ್ರ. ಲಿಂಫೋಸೈಟ್‌ಗಳಿಲ್ಲದ ಇಲಿಗೆ ಸಿಡಿ4 ಟಿ ಕೋಶಗಳನ್ನಷ್ಟೇ ವರ್ಗಾಯಿಸಿದರೂ ಅದು ಚಾಟಿಹುಳುವನ್ನು ಹೊರಹಾಕಬಲ್ಲದು.

ಅಂಗಾಂಶದಲ್ಲಿ ನೋಡಬೇಕಾದದ್ದನ್ನು ಅರಿಯಲು ಹುಳು ಹೊರಬೀಳುವ ಬಗೆ ತಿಳಿದಿರಬೇಕು. ಕರುಳಿನ ಒಳಹೊದಿಕೆಯ ಕೋಶಗಳು ಕ್ರಿಪ್ಟ್ ಎಂಬ ಗುಳಿಯ ತಳದಲ್ಲಿ ಹುಟ್ಟಿ ಮೇಲೇರಿ ಕೊನೆಗೆ ಉದುರುತ್ತವೆ. ಹುಳು ಕುಳಿತಿರುವುದು ಆ ಕೋಶಗಳಲ್ಲಿ. ಇಂಟರ್‌ಲ್ಯೂಕಿನ್ 13 ಈ ಏರಿಕೆಯನ್ನು ಚುರುಕುಗೊಳಿಸಿದಾಗ ಹುಳು ಕೂತ ನೆಲವೇ ಮೇಲೆ ಸರಿದು ಅದನ್ನು ಹೊರಗೆ ಚೆಲ್ಲುತ್ತದೆ. 2005ರಲ್ಲಿ ಇದನ್ನು ಚಲಿಸುವ ಮೆಟ್ಟಿಲಿಗೆ ಹೋಲಿಸಲಾಯಿತು, ಹೋಲಿಕೆ ಬಹಳ ಚೆನ್ನಾಗಿ ಕೂಡುತ್ತದೆ. ಜೊತೆಗೆ ಲೋಳೆ ಉತ್ಪಾದಿಸುವ ಗಾಬ್ಲೆಟ್ ಕೋಶಗಳು ಹೆಚ್ಚಿ, ಸಾಮಾನ್ಯವಾಗಿ ಕರುಳಿನಲ್ಲಿ ಕಾಣದ ಮಕ್5ಎಸಿ ಎಂಬ ಲೋಳೆ ಪ್ರೋಟೀನನ್ನು ಸುರಿಸುತ್ತವೆ. ಅದಿಲ್ಲದ ಇಲಿಗಳು ಟಿಎಚ್2 ಎದ್ದರೂ ಹುಳುವನ್ನು ತಳ್ಳಲಾರವು ಎಂದು 2011ರಲ್ಲಿ ತಿಳಿದುಬಂತು.

ಆದ್ದರಿಂದ ಲೋಳೆಯನ್ನು ತೋರಿಸುವ ಪಿಎಎಸ್ ಬಣ್ಣ ಹಾಕಿ ಪ್ರತಿ ಇಲಿಗೆ ಇಪ್ಪತ್ತು ಪೂರ್ತಿ ಕಾಣುವ ಕ್ರಿಪ್ಟ್‌ಗಳಲ್ಲಿ ಗಾಬ್ಲೆಟ್ ಕೋಶ ಎಣಿಸಿ, ಕ್ರಿಪ್ಟಿನ ಉದ್ದ ಅಳೆಯಿರಿ. ವಿಭಜನೆಯಾಗುತ್ತಿರುವ ಕೋಶಗಳನ್ನು ಮಾತ್ರ ಎಣಿಸಿ ಮೆಟ್ಟಿಲು ವೇಗವಾಯಿತು ಎನ್ನಬೇಡಿ. ಹಳೆಯದಾದ ಸೋಂಕಿನಲ್ಲಿ ಗ್ಯಾಮಾ ಇಂಟರ್‌ಫೆರಾನಿನ ಪ್ರಭಾವದಿಂದ ಕೋಶಗಳು ಹೆಚ್ಚು ಹುಟ್ಟಿ ಕ್ರಿಪ್ಟ್ ಉದ್ದವಾಗುತ್ತದೆ, ಆದರೆ ಏರಿಕೆ ನಿಧಾನವಾಗಿಯೇ ಇರುತ್ತದೆ. ವೇಗ ತಿಳಿಯಬೇಕಾದರೆ ವಿಭಜನೆಯಾಗುವ ಕೋಶಗಳಿಗೆ ಗುರುತು ಹಾಕುವ ಬ್ರೋಮೋಡಿಯಾಕ್ಸಿಯುರಿಡಿನ್ ಚುಚ್ಚಿ, ಗುರುತಾದ ಕೋಶಗಳ ಮುಂಚೂಣಿ ಗೊತ್ತಾದ ಅವಧಿಯಲ್ಲಿ ಎಷ್ಟು ಮೇಲೇರಿತು ಎಂದು ಅಳೆಯಬೇಕು.

ಟಫ್ಟ್ ಕೋಶಗಳ ಬಗ್ಗೆ ಒಂದು ಮಾತು. ಅವು ಇಂಟರ್‌ಲ್ಯೂಕಿನ್ 25 ಸುರಿಸಿ ಎರಡನೆಯ ಗುಂಪಿನ ಜನ್ಮಜಾತ ಲಿಂಫಾಯ್ಡ್ ಕೋಶಗಳನ್ನು ಎಬ್ಬಿಸುತ್ತವೆ ಎಂಬ 2016ರ ಶೋಧ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಆದರೆ ಆ ಚಿತ್ರ ಸ್ಪಷ್ಟವಾಗಿರುವುದು ಸಣ್ಣಕರುಳಿನ ಹುಳುಗಳಲ್ಲಿ. ಅದನ್ನು ಹಾಗೆಯೇ ಅಂಧಾಂತ್ರದ ಚಾಟಿಹುಳುವಿಗೆ ಅಂಟಿಸುವ ಆತುರ ಬೇಡ.

ಅಂಕಿಗಳನ್ನು ಓದುವುದು

ಹುಳುವಿನ ಸಂಖ್ಯೆ ಗಂಟೆಯಾಕಾರದಲ್ಲಿ ಹರಡುವುದಿಲ್ಲ, ಸೊನ್ನೆಗಳು ಗುಂಪುಗೂಡುತ್ತವೆ. ಸರಾಸರಿಯ ಕಂಬ ಎಳೆಯುವ ಬದಲು ಪ್ರತಿ ಇಲಿಯನ್ನೂ ಒಂದು ಚುಕ್ಕೆಯಾಗಿ ತೋರಿಸಿ, ಮಧ್ಯಾಂಕ ಗುರುತಿಸಿ. ಎರಡು ಗುಂಪಿದ್ದರೆ ಮನ್-ವಿಟ್ನಿ, ಹೆಚ್ಚಿದ್ದರೆ ಕ್ರಸ್ಕಲ್-ವಾಲಿಸ್ ಪರೀಕ್ಷೆ. ಒಂದೇ ಇಲಿಯ ಮೂರು ಗುಳಿಗಳ ಓದನ್ನು ಮೂರು ಇಲಿಯೆಂದು ಲೆಕ್ಕಕ್ಕೆ ಹಿಡಿಯಬೇಡಿ. ಇಡೀ ಪ್ರಯೋಗವನ್ನು ಬೇರೆ ಕಂತಿನ ಮೊಟ್ಟೆಯಿಂದ ಇನ್ನೊಮ್ಮೆ ಮಾಡಿ.

ಆಮೇಲೆ ಪ್ರತಿ ಇಲಿಯ ಹುಳುಸಂಖ್ಯೆಯ ಎದುರು ಅದೇ ಇಲಿಯ ಇಂಟರ್‌ಲ್ಯೂಕಿನ್ 13, ಗ್ಯಾಮಾ ಇಂಟರ್‌ಫೆರಾನ್, ಗಾಬ್ಲೆಟ್ ಎಣಿಕೆಯನ್ನು ಇಟ್ಟು ನೋಡಿ. ಕೆಲವು ಸಂದರ್ಭಗಳನ್ನು ಇಲ್ಲೇ ಬಿಡಿಸುತ್ತೇನೆ.

ಇಪ್ಪತ್ತೊಂದನೆಯ ದಿನ ಹುಳುವಿಲ್ಲ, ಇಂಟರ್‌ಲ್ಯೂಕಿನ್ 13 ಕೂಡ ಇಲ್ಲ, ದುಗ್ಧಗ್ರಂಥಿ ಸೋಂಕಿಲ್ಲದ ಇಲಿಯದರಷ್ಟೇ ಇದೆ: ಮೊಟ್ಟೆ ಒಡೆದಿಲ್ಲ ಅಥವಾ ಹೊಟ್ಟೆಗೆ ಹೋಗಿಲ್ಲ. ಹದಿನಾಲ್ಕನೆಯ ದಿನದ ಲೆಕ್ಕ ಇದನ್ನು ಖಚಿತಪಡಿಸುತ್ತದೆ.

ಇಂಟರ್‌ಲ್ಯೂಕಿನ್ 13 ಚೆನ್ನಾಗಿದೆ, ಹುಳುವೂ ಇದೆ: ಪ್ರತಿಕ್ರಿಯೆ ಈಗಷ್ಟೇ ಎದ್ದಿರಬಹುದು, ಮೂವತ್ತೈದನೆಯ ದಿನ ನೋಡಿ. ಆಗಲೂ ಹುಳು ಉಳಿದಿದ್ದರೆ ತೊಂದರೆ ಟಿ ಕೋಶದಲ್ಲಿಲ್ಲ, ಆಜ್ಞೆಯನ್ನು ಪಾಲಿಸಬೇಕಾದ ಒಳಹೊದಿಕೆಯಲ್ಲಿದೆ. ಗಾಬ್ಲೆಟ್ ಕೋಶ ಮತ್ತು ಕೋಶಗಳ ಏರಿಕೆಯ ವೇಗವನ್ನು ತನಿಖೆ ಮಾಡಿ.

ಹೆಚ್ಚು ಪ್ರಮಾಣದ ಗುಂಪಿನಲ್ಲಿ ಐದರಲ್ಲಿ ಎರಡು ಇಲಿ ಮಾತ್ರ ಹುಳು ಉಳಿಸಿಕೊಂಡಿವೆ: ಅವು ಯಾವ ಪಂಜರದವು, ಮೊಟ್ಟೆ ಕೊಟ್ಟ ಸರದಿಯಲ್ಲಿ ಎಷ್ಟನೆಯವು ನೋಡಿ. ಎರಡೂ ಒಂದೇ ಪಂಜರದವಾದರೆ ಅವುಗಳ ಹಿಕ್ಕೆಯ ಬ್ಯಾಕ್ಟೀರಿಯಾ ಪರೀಕ್ಷಿಸಿ. ಎರಡೂ ಸರದಿಯ ಆರಂಭದವಾದರೆ ಅವಕ್ಕೆ ಸಿಕ್ಕಿದ್ದು 200 ಮೊಟ್ಟೆಯಲ್ಲದೆ 20 ಇರಬಹುದು. ಆ ಇಲಿಗಳ ಐಜಿಜಿ2ಸಿ ಏರಿದ್ದರೆ ಅನುಮಾನ ಇನ್ನಷ್ಟು ಗಟ್ಟಿ.

ಪ್ರಾಣಿಗೃಹದ ಹೊರಗೆ, ಬಯಲಿನ ಬೇಲಿಯೊಳಗೆ ಬಿಟ್ಟು ಬೆಳೆಸಿದ ಸಿ57 ಬ್ಲ್ಯಾಕ್ 6 ಇಲಿಗಳು ಇದೇ ಚಾಟಿಹುಳುವಿಗೆ ಹೆಚ್ಚು ಸುಲಭವಾಗಿ ತುತ್ತಾದವು ಎಂದು 2018ರಲ್ಲಿ ವರದಿಯಾಯಿತು. ತಳಿ ಅದೇ, ಬದಲಾದದ್ದು ವಾಸ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ತಳಿಯ ಹೆಸರಿನ ಪಕ್ಕದಲ್ಲೇ ಪಂಜರದ ಸಂಖ್ಯೆ, ಹಾಸು, ಆಹಾರ, ಮೊಟ್ಟೆಯ ಕಂತು, ಕೊಟ್ಟ ಹೊತ್ತು, ಸರದಿ ಎಲ್ಲವನ್ನೂ ಬರೆಯಿರಿ. ಮೊದಲ ಅಂಕಣವನ್ನು ಮಾತ್ರ ಹದಿನಾಲ್ಕನೆಯ ದಿನದ ಹುಳುಸಂಖ್ಯೆಗೆ ಖಾಲಿ ಬಿಡಿ.